ತೋಟದ ಕಚೇರಿಗೆ ಬಂದ ಸಂಬಳ ಜಪ್ತಿ ಆದೇಶ: ನನ್ನ ಅನುಭವ

ಸುಂಟಿಕೊಪ್ಪದ ಬಳಿಯ ಒಂದು ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಬಟವಾಡೆ, ಭವಿಷ್ಯನಿಧಿ, ಬೋನಸ್ಸಿನ ಲೆಕ್ಕಗಳಲ್ಲೇ ವರ್ಷಗಳನ್ನು ಕಳೆದಿದ್ದರೂ, ಮಡಿಕೇರಿಯ ನ್ಯಾಯಾಲಯದಿಂದ ಸಂಬಳ ಜಪ್ತಿಯ ಆದೇಶ (ಸಾಲಕ್ಕಾಗಿ ನೌಕರನ ಸಂಬಳದ ಒಂದು ಭಾಗವನ್ನು ಹಿಡಿದು ನ್ಯಾಯಾಲಯಕ್ಕೆ ಕಟ್ಟಬೇಕೆಂಬ ಆದೇಶ) ಬಂದ ದಿನ ಅದನ್ನು ಯಾವ ಕಡತಕ್ಕೆ ಸೇರಿಸಬೇಕೆಂಬುದೂ ನನಗೆ ಹೊಳೆಯಲಿಲ್ಲ. ನಮ್ಮ ಮೇಲ್ವಿಚಾರಕರು ಭಾವನ ಸಾಲಕ್ಕೆ ಜಾಮೀನು ನಿಂತಿದ್ದರು. ಕಂತು ನಿಂತಿತು, ದಾವೆ ನಡೆದು 2,60,000 ರೂಪಾಯಿ ಕೊಡಬೇಕೆಂದು ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪಾಯಿತು, ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಯಲ್ಲಿ ಇವರ ಸಂಬಳಕ್ಕೇ ಕೈ ಹಾಕಿದ್ದರು.

‘ನಮ್ಮದೇ ಮನುಷ್ಯ, ಈ ತಿಂಗಳು ಪೂರ್ತಿ ಕೊಟ್ಟುಬಿಡಿ, ಮುಂದೆ ನೋಡೋಣ’ ಎಂದರು ಮಾಲೀಕರು. ಪರಿಚಯದ ವಕೀಲರಿಗೆ ಆದೇಶವನ್ನು ತೋರಿಸದೇ ಇದ್ದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರಲ್ಲಿ ಸರ್ಕಾರಿ ನೌಕರರಿಗೆ 48ನೇ ನಿಯಮವಿರುವಂತೆ ಖಾಸಗಿ ನೌಕರರಿಗೆ 48ಎ ನಿಯಮವಿದೆ. ಅದರಂತೆ ಆದೇಶ ತಲುಪಿದ ಮೇಲೆ ಜಪ್ತಿಯ ಭಾಗವನ್ನು ನೌಕರನ ಕೈಗೆ ಕೊಟ್ಟರೆ, ಆ ಮೊತ್ತಕ್ಕೆ ಉದ್ಯೋಗದಾತನೇ ಹೊಣೆಯಾಗುತ್ತಾನೆ. ಇದನ್ನು ಕೇಳಿದ ಮೇಲೆ ಮಾಲೀಕರು ಮತ್ತೆ ಆ ಮಾತೆತ್ತಲಿಲ್ಲ.

ನಾನು ಎಡವಿದ್ದು ಲೆಕ್ಕದಲ್ಲಿ. ಸಂಬಳದ ಮೂರನೆಯ ಒಂದು ಭಾಗ ಎಂದು ಯಾರೋ ಹೇಳಿದ್ದನ್ನು ನಂಬಿ, 25,000 ರೂಪಾಯಿ ಸಂಬಳದಿಂದ 8,333 ರೂಪಾಯಿ ಹಿಡಿಯಲು ಚೀಟಿ ಬರೆದಿದ್ದೆ. ಆದರೆ ಅದೇ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೊದಲ 1,000 ರೂಪಾಯಿಯನ್ನು ಮುಟ್ಟುವಂತಿಲ್ಲ, ಉಳಿದುದರಲ್ಲಿಯೂ ಮೂರನೆಯ ಎರಡು ಭಾಗ ನೌಕರನಿಗೇ ಸೇರಬೇಕು. ಹಾಗಾಗಿ 24,000ದಲ್ಲಿ 16,000 ಬಿಟ್ಟು, ಹಿಡಿಯಬೇಕಾದದ್ದು 8,000 ಮಾತ್ರ. ತಿಂಗಳಿಗೆ 333 ರೂಪಾಯಿ ಸಣ್ಣದಾಗಿ ಕಾಣಬಹುದು, ಎರಡು ವರ್ಷಕ್ಕೆ ಅದು ಹೆಚ್ಚುಕಡಿಮೆ ಒಂದು ಇಡೀ ಕಂತು. (ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಿರುಗುಮುರುಗಾಗಿ, ನೌಕರನಿಗೆ ಉಳಿಯುವುದು ಮೂರನೆಯ ಒಂದು ಭಾಗ ಮಾತ್ರ.)

ಎರಡು ವರ್ಷ ಎಂದದ್ದಕ್ಕೂ ಕಾರಣವಿದೆ. ಒಂದೇ ಡಿಕ್ರಿಗಾಗಿ ಸಂಬಳದ ಜಪ್ತಿ, ಮಧ್ಯೆ ನಿಂತು ನಿಂತು ನಡೆದಿದ್ದರೂ ಸರಿ, ಒಟ್ಟು 24 ತಿಂಗಳು ತುಂಬಿದರೆ, ಆ ಡಿಕ್ರಿಯ ಮಟ್ಟಿಗೆ ಸಂಬಳ ಕಾಯಂ ಆಗಿ ಬಿಡುಗಡೆಯಾಗುತ್ತದೆ. ಬೇರೆ ಡಿಕ್ರಿದಾರರಿದ್ದರೆ (ತಮ್ಮ ಪರ ಡಿಕ್ರಿ ಪಡೆದವರಿದ್ದರೆ) ಅವರೂ ಮುಂದಿನ 12 ತಿಂಗಳು ಕಾಯಬೇಕು. ಆದ್ದರಿಂದ ಮೊದಲ ಕಂತಿನ ದಿನವೇ ಒಂದು ಪ್ರತ್ಯೇಕ ಪುಸ್ತಕ ತೆರೆದು, ನ್ಯಾಯಾಲಯಕ್ಕೆ ಕಟ್ಟಿದ ಪ್ರತಿಯೊಂದು ರಸೀದಿಯನ್ನೂ ಸಂಖ್ಯೆ ಹಾಕಿ ಅಂಟಿಸಿಟ್ಟೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಉಪಯುಕ್ತ ಕೆಲಸ ಅದೊಂದೇ ಎಂದು ಈಗಲೂ ಅನ್ನಿಸುತ್ತದೆ.

ನಡುವೆ ಡಿಕ್ರಿದಾರ ಸಂಸ್ಥೆಯ ಪ್ರತಿನಿಧಿಯೊಬ್ಬರು ಬಂದು, ಜಾಮೀನು ಹಾಕುವಾಗ ಮೇಲ್ವಿಚಾರಕರು ಸಂಬಳದ ವಿನಾಯಿತಿಯನ್ನು ಬಿಟ್ಟುಕೊಟ್ಟಿರುವುದಾಗಿ ಸಹಿ ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟರು. ಅಂಥ ಒಪ್ಪಂದ ಕಾನೂನಿನ ಮುಂದೆ ಶೂನ್ಯವೆಂದು ಅದೇ 60ನೇ ಕಲಮಿನ 1ಎ ಉಪಕಲಮು ಹೇಳುತ್ತದೆ. ಚಹಾ ಕೊಟ್ಟು ಕಳಿಸಿದೆವು. ಅವರೇ ಮತ್ತೊಂದು ಹೆಸರನ್ನೂ ಎತ್ತಿದ್ದರು. ಅದೇ ಸಾಲಕ್ಕೆ ಇನ್ನೊಬ್ಬ ಜಾಮೀನುದಾರ ನಮ್ಮ ಲೈನ್ ಮನೆಯಲ್ಲಿದ್ದು (ತೋಟದ ಕೂಲಿಕಾರರ ಸಾಲು ಮನೆ), ವಾರದ ಬಟವಾಡೆಗೆ ಕಾಫಿ ಕುಯ್ಯುವವನು. ಕೂಲಿಕಾರರ ಕೂಲಿಯನ್ನು, ಹಣವಾಗಿರಲಿ ಧಾನ್ಯವಾಗಿರಲಿ, ಜಪ್ತಿ ಮಾಡುವಂತೆಯೇ ಇಲ್ಲ. ಕೂಲಿ ಎಂದರೆ ಬೋನಸ್ಸೂ ಸೇರಿತು. ಮಾಸಿಕ ಸಂಬಳದ ಮೇಲ್ವಿಚಾರಕರಿಗೆ ಸಿಗದ ಪೂರ್ಣ ರಕ್ಷಣೆ ಅವನಿಗಿತ್ತು. ಭವಿಷ್ಯನಿಧಿಯ ಹಣವಂತೂ ಇಬ್ಬರದೂ ಭದ್ರ.

ಇಪ್ಪತ್ತನಾಲ್ಕನೆಯ ಕಂತು ಕಟ್ಟಿದ ಮೇಲೆ ರಸೀದಿಗಳ ಪಟ್ಟಿಯೊಡನೆ ನ್ಯಾಯಾಲಯಕ್ಕೆ ಪತ್ರ ಬರೆದೆ. ಒಟ್ಟು ಸಂದದ್ದು 1,92,000. ಮರುತಿಂಗಳು ಮೇಲ್ವಿಚಾರಕರು ಪೂರ್ತಿ ಸಂಬಳಕ್ಕೆ ಸಹಿ ಹಾಕುವಾಗ, ಸಾಲವೇ ತೀರಿತೆಂದುಕೊಂಡಿದ್ದರು. ಬಡ್ಡಿ ಬಿಟ್ಟರೂ 68,000 ಬಾಕಿಯಿದೆ, ಬಿಡುಗಡೆಯಾದದ್ದು ಸಂಬಳ ಮಾತ್ರ ಎಂದು ತಿಳಿಸಿ ಹೇಳಬೇಕಾಯಿತು. ಡಿಕ್ರಿದಾರರು ಈಗ ಅವರ ಕುಶಾಲನಗರದ ನಿವೇಶನದ ಬೆನ್ನು ಹತ್ತಿದ್ದಾರೆ. ಆ ಕಡತ ನನ್ನ ಮೇಜಿಗೆ ಬರುವುದಿಲ್ಲ.