ಫುಟ್‌ಬಾಲ್ ತಾರೆಯರ ಜಾಗತಿಕ ಖ್ಯಾತಿಯನ್ನು ಇತರ ಕ್ರೀಡಾಪಟುಗಳೊಂದಿಗೆ ಹೋಲಿಸುವ ಬಗೆ

ರೊನಾಲ್ಡೊ ದೊಡ್ಡವರೋ ಕೊಹ್ಲಿ ದೊಡ್ಡವರೋ ಎಂಬ ವಾದ ನಮ್ಮ ಕಾಲೇಜು ಕ್ಯಾಂಟೀನುಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಎಂದೂ ಮುಗಿಯುವುದಿಲ್ಲ. ವಾದಕ್ಕಿಳಿದವರ ಕೈಯಲ್ಲಿ ಬೇರೆ ಬೇರೆ ಅಳತೆಗೋಲುಗಳಿರುವುದೇ ಇದಕ್ಕೆ ಮುಖ್ಯ ಕಾರಣ. ಒಬ್ಬರು ಇನ್‌ಸ್ಟಾಗ್ರಾಮ್ ಹಿಂಬಾಲಕರನ್ನು ಎಣಿಸುತ್ತಾರೆ, ಇನ್ನೊಬ್ಬರು ಸಂಪಾದನೆಯ ಪಟ್ಟಿಯನ್ನು ಮುಂದಿಡುತ್ತಾರೆ, ಮತ್ತೊಬ್ಬರು ತಮ್ಮ ಬೀದಿಯಲ್ಲಿ ಕೇಳಿಬರುವ ಹೆಸರನ್ನೇ ಲೋಕವೆಲ್ಲ ಜಪಿಸುತ್ತಿದೆ ಎಂದು ನಂಬಿರುತ್ತಾರೆ. ಕ್ರೀಡಾ ಲೇಖನ ಬರೆಯುವವರು, ಚರ್ಚಾಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿಗಳು ಈ ಹೋಲಿಕೆಯನ್ನು ಕ್ರಮಬದ್ಧವಾಗಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪ್ರಶ್ನೆಯನ್ನು ಎರಡಾಗಿ ಒಡೆದುಕೊಳ್ಳಬೇಕು. ಒಬ್ಬ ಕ್ರೀಡಾಪಟುವನ್ನು ಎಷ್ಟು ಜನ ಬಲ್ಲರು ಎಂಬುದು ಒಂದು ಪ್ರಶ್ನೆ. ಎಷ್ಟು ದೇಶಗಳಲ್ಲಿ ಬಲ್ಲರು ಎಂಬುದು ಬೇರೆಯೇ ಪ್ರಶ್ನೆ. ನೂರನಲವತ್ತು ಕೋಟಿ ಜನರಿರುವ ನಾಡಿನ ಆಟಗಾರ ಗಡಿ ದಾಟದೆಯೇ ಮೊದಲನೆಯದರಲ್ಲಿ ಬಹಳ ಮುಂದೆ ನಿಲ್ಲಬಲ್ಲ. ಆದರೆ ಸುಮಾರು 35 ಲಕ್ಷ ಜನರಿರುವ ಉರುಗ್ವೆಯ ಫುಟ್‌ಬಾಲ್ ಆಟಗಾರ ಲೂಯಿಸ್ ಸುವಾರೆಜ್‌ಗೆ ಅಂಥ ಅನುಕೂಲವಿಲ್ಲ. ಅವರ ಹೆಸರು ಬೆಳೆದಿದ್ದರೆ ಅದು ಹೊರಗಿನವರ ಬಾಯಲ್ಲೇ ಬೆಳೆದದ್ದು. ಜಾಗತಿಕ ಖ್ಯಾತಿ ಎಂದಾಗ ನಾವು ಅಳೆಯಬೇಕಾದದ್ದು ಹೆಚ್ಚಾಗಿ ಈ ಎರಡನೆಯ ಬಗೆಯ ಹರಹನ್ನು. ಆಟದ ಸ್ವಂತ ಹರಹು ಎಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ: ಫುಟ್‌ಬಾಲ್‌ನ ಜಾಗತಿಕ ಆಡಳಿತ ಸಂಸ್ಥೆಯಾದ ಫಿಫಾದಲ್ಲಿ 211 ಸದಸ್ಯ ಸಂಸ್ಥೆಗಳಿದ್ದು, ಇದು ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳಿಗಿಂತಲೂ ಹೆಚ್ಚು, ಟೆಸ್ಟ್ ಕ್ರಿಕೆಟ್ ಆಡುವ ಅರ್ಹತೆ ಇರುವುದು ಹನ್ನೆರಡು ತಂಡಗಳಿಗೆ ಮಾತ್ರ. ಫುಟ್‌ಬಾಲ್‌ಗಿಂತ ಬೇರೆಯೇ ಆಟವಾದ ಅಮೆರಿಕನ್ ಫುಟ್‌ಬಾಲ್‌ನ ಸ್ಥಿತಿ ಇನ್ನೂ ಇಕ್ಕಟ್ಟಾದದ್ದು.

ಹಿಂಬಾಲಕರ ಸಂಖ್ಯೆ ಸುಲಭವಾಗಿ ಸಿಗುವುದರಿಂದ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಲ್ಲಿಗೇ ನಿಲ್ಲಬಾರದು. ಕ್ರಿಸ್ಟಿಯಾನೊ ರೊನಾಲ್ಡೊ 2022ರ ನವೆಂಬರಿನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ 50 ಕೋಟಿ ಹಿಂಬಾಲಕರನ್ನು ಪಡೆದ ಮೊದಲ ವ್ಯಕ್ತಿಯಾದರು. ಮರುತಿಂಗಳು ಲಿಯೊನೆಲ್ ಮೆಸ್ಸಿ ವಿಶ್ವಕಪ್ ಹಿಡಿದ ಚಿತ್ರಗಳಿಗೆ ಏಳು ಕೋಟಿಗೂ ಹೆಚ್ಚು ಮೆಚ್ಚುಗೆಗಳು ಬಂದವು. ವಿರಾಟ್ ಕೊಹ್ಲಿ 2023ರಲ್ಲಿ 25 ಕೋಟಿ ದಾಟಿದರೆ, ಬ್ಯಾಸ್ಕೆಟ್‌ಬಾಲ್‌ನ ಲೆಬ್ರಾನ್ ಜೇಮ್ಸ್ ಹದಿನಾರು ಕೋಟಿಯ ಆಸುಪಾಸಿನಲ್ಲಿದ್ದರು. ಈ ಅಂಕಿಗಳನ್ನು ಬರೆಯುವಾಗ ಪ್ರತಿಯೊಂದರ ಎದುರಿಗೂ ದಿನಾಂಕವಿರಲಿ. ಚೀನಾದಲ್ಲಿ ಇನ್‌ಸ್ಟಾಗ್ರಾಮ್‌ಗೆ ಅವಕಾಶವಿಲ್ಲ, ಭಾರತದಲ್ಲಿ 2020ರಿಂದ ಟಿಕ್‌ಟಾಕ್ ಇಲ್ಲ ಎಂಬುದನ್ನೂ ಮರೆಯಬಾರದು. ಯಾವ ಒಂದು ಜಾಲತಾಣವೂ ಲೋಕದ ಜನಗಣತಿ ನಡೆಸುವುದಿಲ್ಲ.

ಸಂಖ್ಯೆಯನ್ನು ಓದುವ ರೀತಿಗೆ ಒಂದು ಒಳ್ಳೆಯ ಉದಾಹರಣೆ ಮುಂಬಯಿಯಲ್ಲೇ ಇದೆ. 2023ರ ಅಕ್ಟೋಬರಿನಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟನ್ನು ಸೇರಿಸಿಕೊಂಡಾಗ, ಆ ಕೂಟದ ಕ್ರೀಡಾ ನಿರ್ದೇಶಕರೂ ಇಟಲಿಯ ಮಾಜಿ ಒಲಿಂಪಿಕ್ ಚಿನ್ನದ ಶೂಟರ್ ಕೂಡ ಆಗಿದ್ದ ನಿಕೊಲೊ ಕಂಪ್ರಿಯಾನಿ ಅವರು ಕೊಹ್ಲಿಯ ಹೆಸರನ್ನೇ ಎತ್ತಿಕೊಂಡರು. ಸಾಮಾಜಿಕ ಜಾಲತಾಣಗಳಲ್ಲಿ ಕೊಹ್ಲಿ ಜಗತ್ತಿನ ಮೂರನೇ ಅತಿ ಹೆಚ್ಚು ಹಿಂಬಾಲಕರಿರುವ ಕ್ರೀಡಾಪಟು, ಲೆಬ್ರಾನ್ ಜೇಮ್ಸ್, ಅಮೆರಿಕನ್ ಫುಟ್‌ಬಾಲ್‌ನ ಟಾಮ್ ಬ್ರೇಡಿ, ಗಾಲ್ಫ್‌ನ ಟೈಗರ್ ವುಡ್ಸ್ ಮೂವರನ್ನು ಕೂಡಿಸಿದರೂ ಕೊಹ್ಲಿಯಷ್ಟಾಗದು ಎಂಬುದು ಕಂಪ್ರಿಯಾನಿ ಮಾತಿನ ಸಾರ. ನಮ್ಮ ಪತ್ರಿಕೆಗಳು ಇದನ್ನು ಹೆಮ್ಮೆಯಿಂದ ಅಚ್ಚು ಹಾಕಿದವು. ಲೆಕ್ಕ ಸರಿಯಾದದ್ದೇ. ಆದರೆ ಆ ಮಾತು ನಿಂತಿರುವುದು ಕ್ರಿಕೆಟ್ ಬಂದರೆ ದಕ್ಷಿಣ ಏಷ್ಯಾದ ಪ್ರೇಕ್ಷಕರು ಜೊತೆಗೆ ಬರುತ್ತಾರೆ ಎಂಬ ಆಧಾರದ ಮೇಲೆ. ಲಾಸ್ ಏಂಜಲೀಸಿನ ಬೀದಿಯಲ್ಲಿ ಜನ ಕೊಹ್ಲಿಯನ್ನು ಗುರುತಿಸುತ್ತಾರೆ ಎಂಬುದರ ಮೇಲಲ್ಲ. ಆ ಅಧಿವೇಶನದಲ್ಲಿ ಫುಟ್‌ಬಾಲ್‌ಗಾಗಿ ಯಾರೂ ಇಂಥ ವಕಾಲತ್ತು ವಹಿಸಬೇಕಾಗಿರಲಿಲ್ಲ ಎಂಬುದೂ ಒಂದು ಸಾಕ್ಷ್ಯವೇ.

ಹಾಗಾಗಿ ಈ ವಿಧಾನದ ತಿರುಳು ಮೂರನೆಯ ದೇಶದ ಪರೀಕ್ಷೆ. ಹೋಲಿಸಬೇಕಾದ ಇಬ್ಬರಿಗೂ ತವರಲ್ಲದ, ಇಬ್ಬರೂ ವೃತ್ತಿಯಾಗಿ ಆಡಿರದ ಆರೇಳು ದೇಶಗಳನ್ನು ಬೇರೆ ಬೇರೆ ಖಂಡಗಳಿಂದ ಆರಿಸಿಕೊಳ್ಳಿ: ಇಂಡೋನೇಷ್ಯಾ, ಕೀನ್ಯಾ, ಪೆರು, ವಿಯೆಟ್ನಾಂ, ಪೋಲೆಂಡ್, ಹೀಗೆ. ಬಳಿಕ ಯಾವ ದೇಶದಲ್ಲಿ ಜನ ಯಾವುದನ್ನು ಹೆಚ್ಚು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ತೆರೆದು ಹೆಸರುಗಳನ್ನು ಟೈಪ್ ಮಾಡುವಾಗ, ಕೆಳಗೆ ಮೂಡುವ ಆಯ್ಕೆಗಳಲ್ಲಿ ಬರಿಯ ಹುಡುಕು ಪದವನ್ನು ಬಿಟ್ಟು, ‘ವಿಷಯ’ ಎಂದೋ ‘ಫುಟ್‌ಬಾಲ್ ಆಟಗಾರ’ ಎಂಬಂಥ ಪರಿಚಯದೊಂದಿಗೋ ಗುರುತಿಸಿರುವುದನ್ನೇ ಆರಿಸಬೇಕು. ಹುಡುಕು ಪದವಾದರೆ ಟೈಪ್ ಮಾಡಿದ ಲಿಪಿಯಲ್ಲಿ ನಡೆದ ಹುಡುಕಾಟಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ವಿಷಯವಾದರೆ ಅರಬ್ಬಿ, ಥಾಯ್, ದೇವನಾಗರಿ ಎಲ್ಲವೂ ಒಂದೆಡೆ ಕೂಡುತ್ತವೆ. ರೊನಾಲ್ಡೊ ಎಂದಷ್ಟೇ ಬರೆದರೆ 2002ರ ವಿಶ್ವಕಪ್ ಗೆಲ್ಲಿಸಿಕೊಟ್ಟ ಬ್ರೆಜಿಲ್‌ನ ರೊನಾಲ್ಡೊ ಕೂಡ ಪೋರ್ಚುಗಲ್‌ನವರ ಖಾತೆಗೆ ಜಮೆಯಾಗುತ್ತಾರೆ. ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಒಂದೇ ಬಾರಿಗೆ ಐವರನ್ನು ಹೋಲಿಸಬಹುದು. ಅಲ್ಲಿ ಕಾಣುವ ಸೊನ್ನೆಯಿಂದ ನೂರರವರೆಗಿನ ಅಂಕಿ ಹುಡುಕಾಟಗಳ ಸಂಖ್ಯೆಯನ್ನು ಹೇಳುವುದಿಲ್ಲ; ಅದು ಹೋಲಿಕೆಯ ಒಳಗಿನ ಪ್ರಮಾಣ ಮಾತ್ರ.

ಅವಧಿಯ ಆಯ್ಕೆಯಲ್ಲೂ ಎಚ್ಚರ ಬೇಕು. ಓಟಗಾರ ಉಸೇನ್ ಬೋಲ್ಟ್ 2008, 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಜಗತ್ತಿನ ಕಣ್ಣನ್ನೆಲ್ಲ ತಮ್ಮತ್ತ ಸೆಳೆದರು, ನಡುವಿನ ವರ್ಷಗಳಲ್ಲಿ ಆ ಗಮನ ಕುಗ್ಗುತ್ತಿತ್ತು. ಫುಟ್‌ಬಾಲ್ ಆಟಗಾರ ಮಾತ್ರ ಆಗಸ್ಟಿನಿಂದ ಮೇ ತನಕ ಹೆಚ್ಚುಕಡಿಮೆ ಪ್ರತಿವಾರ ಟಿವಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಆದ್ದರಿಂದ ವಿಶ್ವಕಪ್ ಮತ್ತು ಒಲಿಂಪಿಕ್ಸ್ ಇಲ್ಲದ ವರ್ಷವೊಂದನ್ನು ಬೇರೆಯಾಗಿ ನೋಡಿ, ಐದು ವರ್ಷಗಳ ಒಟ್ಟು ರೇಖೆಯನ್ನೂ ಪಕ್ಕದಲ್ಲಿಡಬೇಕು. ಇದರ ಜೊತೆಗೆ ವಿಕಿಪೀಡಿಯದಲ್ಲಿ ಎಷ್ಟು ಭಾಷೆಗಳಲ್ಲಿ ಲೇಖನವಿದೆ, ಮೂರನೆಯ ದೇಶದ ಭಾಷೆಯ ಆವೃತ್ತಿಯಲ್ಲಿ ತಿಂಗಳಿಗೆ ಎಷ್ಟು ಬಾರಿ ಆ ಪುಟ ತೆರೆಯಲ್ಪಟ್ಟಿದೆ ಎಂಬುದನ್ನು ಅದರ ಪುಟವೀಕ್ಷಣೆ ಸಾಧನದಲ್ಲಿ ಉಚಿತವಾಗಿ ನೋಡಬಹುದು. ಸ್ವಾಹಿಲಿ ಅಥವಾ ಇಂಡೋನೇಷ್ಯನ್ ಪುಟದ ವೀಕ್ಷಣೆ ಇಂಗ್ಲಿಷ್ ಪುಟದ ವೀಕ್ಷಣೆಗಿಂತ ಹೆಚ್ಚು ವಿಷಯ ತಿಳಿಸುತ್ತದೆ, ಏಕೆಂದರೆ ಇಂಗ್ಲಿಷ್ ಪುಟವನ್ನು ಎಲ್ಲ ದೇಶದವರೂ ಓದುತ್ತಾರೆ.

ಸಂಪಾದನೆಯನ್ನು ಬಿಟ್ಟುಬಿಡಿ, ಅದು ಖ್ಯಾತಿಯ ಹರಹನ್ನು ತೋರಿಸುವುದಿಲ್ಲ. ಫೋರ್ಬ್ಸ್ ಪತ್ರಿಕೆಯ 2025ರ ಕ್ರೀಡಾಪಟುಗಳ ಸಂಪಾದನೆಯ ಪಟ್ಟಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಡಾಕ್ ಪ್ರೆಸ್ಕಾಟ್ 13.7 ಕೋಟಿ ಡಾಲರ್‌ನೊಂದಿಗೆ ಮೆಸ್ಸಿಯ 13.5 ಕೋಟಿಗಿಂತ ಮೇಲಿದ್ದರು.

ಹಲವು ಅಳತೆಗಳನ್ನು ಬೆರೆಸಿ ಒಂದೇ ಪಟ್ಟಿ ಮಾಡುವವರೂ ಇದ್ದಾರೆ. ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್ 2016ರಿಂದ 2019ರವರೆಗೆ ಹುಡುಕಾಟ, ಜಾಹೀರಾತು ಆದಾಯ, ಹಿಂಬಾಲಕರು ಎಂಬ ಮೂರನ್ನು ಸೇರಿಸಿ ಪ್ರಸಿದ್ಧ ನೂರು ಕ್ರೀಡಾಪಟುಗಳನ್ನು ಶ್ರೇಣೀಕರಿಸಿತ್ತು. ನಾಲ್ಕೂ ಬಾರಿ ರೊನಾಲ್ಡೊ ಮೊದಲಿಗರು. 2019ರಲ್ಲಿ ಲೆಬ್ರಾನ್ ಎರಡನೆಯವರು, ಮೆಸ್ಸಿ ಮೂರನೆಯವರು, ಕೊಹ್ಲಿ ಏಳನೆಯವರು. ಅದೇ ಪಟ್ಟಿಯ ಮೊದಲ ಇಪ್ಪತ್ತೈದರೊಳಗೆ ಧೋನಿ, ಯುವರಾಜ್ ಸಿಂಗ್, ಸುರೇಶ್ ರೈನಾ ಕೂಡ ಇದ್ದರು. ರೈನಾ ನಮ್ಮೆಲ್ಲರಿಗೂ ಬೇಕಾದವರೇ, ಆದರೂ ಅವರು ಲೋಕದ ಇಪ್ಪತ್ತೈದು ಅತಿ ಪ್ರಸಿದ್ಧರಲ್ಲೊಬ್ಬರು ಎಂಬುದನ್ನು ಪೆರುವಿನ ಲಿಮಾ ಅಥವಾ ಕೀನ್ಯಾದ ನೈರೋಬಿಯಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಜನಸಂಖ್ಯೆಯ ಭಾರವನ್ನು ಪಟ್ಟಿಯಿಂದ ಕಳೆಯದಿದ್ದರೆ ಹೀಗಾಗುತ್ತದೆ.

ಪರದೆಯಾಚೆಗಿನ ಗುರುತುಗಳನ್ನೂ ಸಂಗ್ರಹಿಸಬೇಕು. ನನ್ನ ಮಟ್ಟಿಗೆ ಈ ಕೆಲಸದ ಸೊಗಸಾದ ಭಾಗ ಇದೇ. 2022ರ ವಿಶ್ವಕಪ್ಪಿಗೆ ಮುನ್ನ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಮೆಸ್ಸಿ ಅಭಿಮಾನಿಗಳು ಹೊಳೆಯ ನಡುವೆ ಮೂವತ್ತು ಅಡಿಯ ಕಟೌಟ್ ನಿಲ್ಲಿಸಿದರು, ಬ್ರೆಜಿಲ್ ಅಭಿಮಾನಿಗಳು ಅದಕ್ಕಿಂತ ಎತ್ತರವಾಗಿ ನಲವತ್ತು ಅಡಿಯ ನೇಮಾರ್‌ನನ್ನು ತಂದರು, ಬಳಿಕ ರೊನಾಲ್ಡೊ ಇವರಿಬ್ಬರನ್ನೂ ಮೀರಿ ನಿಂತರು. ಫಿಫಾ ಆ ಚಿತ್ರವನ್ನು ತನ್ನ ಖಾತೆಯಲ್ಲಿ ಹಂಚಿಕೊಂಡಿತು. ಕ್ರಿಕೆಟ್ಟೇ ಉಸಿರಾದ ಬಾಂಗ್ಲಾದೇಶದಲ್ಲಿ ಅದೇ ವಿಶ್ವಕಪ್ ವೇಳೆ ಅರ್ಜೆಂಟೀನಾದ ಜಯಕ್ಕೆ ಢಾಕಾದ ಬೀದಿಗಳು ತುಂಬಿದವು, ಅದರ ಬೆನ್ನಿಗೇ 2023ರ ಫೆಬ್ರುವರಿಯಲ್ಲಿ ಅರ್ಜೆಂಟೀನಾ 1978ರಿಂದ ಮುಚ್ಚಿದ್ದ ತನ್ನ ರಾಯಭಾರ ಕಚೇರಿಯನ್ನು ಅಲ್ಲಿ ಮತ್ತೆ ತೆರೆಯಿತು. ಬ್ರೆಜಿಲ್‌ನ ಫುಟ್‌ಬಾಲ್ ದಿಗ್ಗಜ ಪೆಲೆ ನಿಧನರಾದ ಕೆಲವೇ ತಿಂಗಳಲ್ಲಿ ರುವಾಂಡಾದ ರಾಜಧಾನಿ ಕಿಗಾಲಿಯ ಕ್ರೀಡಾಂಗಣವೊಂದು ಅವರ ಹೆಸರು ಪಡೆಯಿತು. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಹೋಲಿಕೆಯ ಇನ್ನೊಬ್ಬ ಕ್ರೀಡಾಪಟುವಿಗೂ ಇದೇ ಬಗೆಯ, ಅಂದರೆ ಆ ಆಟ ಮುಖ್ಯವಲ್ಲದ ದೇಶದಲ್ಲಿ ಜನ ತಾವಾಗಿಯೇ ನಿಲ್ಲಿಸಿದ ಗುರುತುಗಳನ್ನು ಅಷ್ಟೇ ಶ್ರದ್ಧೆಯಿಂದ ಹುಡುಕಿ. ಸಿಗದಿದ್ದರೆ ಅದನ್ನೂ ಬರೆಯಿರಿ.

ಈ ಪರೀಕ್ಷೆಯಲ್ಲಿ ಫುಟ್‌ಬಾಲ್‌ನವರೇ ಸದಾ ಗೆಲ್ಲುತ್ತಾರೆ ಎಂದುಕೊಳ್ಳಬಾರದು. ಬಾಕ್ಸರ್ ಮುಹಮ್ಮದ್ ಅಲಿ 1973ರಲ್ಲಿ ಜಕಾರ್ತಾದಲ್ಲಿ, 1974ರಲ್ಲಿ ಕಿನ್ಶಾಸಾದಲ್ಲಿ, 1975ರಲ್ಲಿ ಕ್ವಾಲಾಲಂಪುರ ಮತ್ತು ಮನಿಲಾದಲ್ಲಿ ಸೆಣಸಿದರು. ತಾನೇ ಲೋಕ ಸುತ್ತಿ ಹೆಸರು ಬಿತ್ತಿದ ಅವರಿಗೆ ಅಂದಿನ ದಿನಗಳಲ್ಲಿ ಸಾಟಿಯಾಗಿ ಪೆಲೆಯೊಬ್ಬರನ್ನು ನಿಲ್ಲಿಸಬಹುದಿತ್ತು. ಮೈಕಲ್ ಜೋರ್ಡನ್‌ರ ಹೆಸರನ್ನು ಬ್ಯಾಸ್ಕೆಟ್‌ಬಾಲ್ ನೋಡದವರ ಮನೆಗೂ ಮುಟ್ಟಿಸಿದ್ದು ಅವರ ಹೆಸರಿನ ಶೂ. ಇನ್ನೊಂದು ಕಡೆ, 2024ರಲ್ಲಿ ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯಾದ ಬ್ಯಾಲನ್ ಡಿಓರ್ ಪಡೆದ ಸ್ಪೇನಿನ ರೋಡ್ರಿಯನ್ನು ಟೆನಿಸ್‌ನ ರೋಜರ್ ಫೆಡರರ್ ಪಕ್ಕದಲ್ಲಿಟ್ಟರೆ ಫೆಡರರ್ ಕಡೆಗೇ ತಕ್ಕಡಿ ವಾಲುತ್ತದೆ. ಹಾಗಾಗಿ ‘ಫುಟ್‌ಬಾಲ್ ಆಟಗಾರರು’ ಎಂಬ ವರ್ಗವನ್ನಿಟ್ಟು ಹೋಲಿಸದೆ ಹೆಸರು ಹಿಡಿದೇ ಹೋಲಿಸಬೇಕು. ಮಹಿಳಾ ಕ್ರೀಡೆಯಲ್ಲಂತೂ ಚಿತ್ರವೇ ತಿರುವುಮುರುವು: ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುತೆಯಾಸ್ ಎರಡು ಬ್ಯಾಲನ್ ಡಿಓರ್ ಗೆದ್ದಿದ್ದರೂ, ಇಪ್ಪತ್ತಮೂರು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳ ಸೆರೆನಾ ವಿಲಿಯಮ್ಸ್ ಮುಂದೆ ಅವರ ಹೆಸರಿನ ಹರಹು ಚಿಕ್ಕದು, ಏಕೆಂದರೆ ಟೆನಿಸ್ ಹೆಂಗಸರ ಆಟವನ್ನು ದಶಕಗಳ ಮೊದಲೇ ಲೋಕದ ಟಿವಿಗೆ ತಂದಿತ್ತು.

ಫಲಿತಾಂಶ ಬರೆಯುವಾಗ ವರ್ಷ, ಅಳತೆ, ಆರಿಸಿಕೊಂಡ ದೇಶಗಳು ಮೂರೂ ಒಂದೇ ವಾಕ್ಯದಲ್ಲಿರಲಿ. ‘ರೊನಾಲ್ಡೊ ಕೊಹ್ಲಿಗಿಂತ ಪ್ರಸಿದ್ಧರು’ ಎಂದು ಬರೆಯುವುದಕ್ಕಿಂತ, ‘ವಿಶ್ವಕಪ್ ಇಲ್ಲದ ಇಂಥ ವರ್ಷದಲ್ಲಿ, ಇಬ್ಬರಿಗೂ ತವರಲ್ಲದ ಇಂತಿಂಥ ಏಳು ದೇಶಗಳ ಪೈಕಿ ಇಷ್ಟರಲ್ಲಿ ರೊನಾಲ್ಡೊ ಕುರಿತ ಹುಡುಕಾಟ ಹೆಚ್ಚು’ ಎಂದು ಬರೆದರೆ, ಓದುಗರು ಅದೇ ದೇಶಗಳನ್ನು ಹಾಕಿ ತಾವೇ ಪರೀಕ್ಷಿಸಬಹುದು. ಭಾರತದ ಒಳಗಿನ ಚಿತ್ರ ಬೇಕಾದವರು ಗೂಗಲ್ ಟ್ರೆಂಡ್ಸ್‌ನಲ್ಲಿ ರಾಜ್ಯವಾರು ಭೂಪಟ ತೆರೆದು ಕೇರಳ, ಪಶ್ಚಿಮ ಬಂಗಾಳ ಮತ್ತು ಗೋವಾಗಳನ್ನು ಕರ್ನಾಟಕದಿಂದ ಬೇರ್ಪಡಿಸಿ ನೋಡಲಿ. ಇಡೀ ದೇಶಕ್ಕೆ ಒಂದೇ ಅಂಕಿ ಕೊಟ್ಟರೆ ಪುಳ್ಳಾವೂರು ಅದರಲ್ಲಿ ಕಾಣದೇ ಹೋಗುತ್ತದೆ.