ಕೂಸನ್ನು ನೆಲಕ್ಕೆ ಬಿಡುವುದು ಹೇಗೆ: ಕತ್ತು ನಿಲ್ಲುವುದರಿಂದ ಮೊದಲ ಹೆಜ್ಜೆಯವರೆಗೆ

ಕತ್ತು ನಿಲ್ಲಲಿಕ್ಕೆ, ಕವುಚಲಿಕ್ಕೆ, ಕೂರಲಿಕ್ಕೆ, ಅಂಬೆಗಾಲಿಕ್ಕಲಿಕ್ಕೆ ಕೂಸಿಗೆ ಮೊದಲು ಬೇಕಾದದ್ದು ಗಟ್ಟಿ ನೆಲ. ದಿನವೆಲ್ಲ ಜೋಲಿಯಿಂದ ಮಡಿಲಿಗೆ, ಮಡಿಲಿಂದ ತೊಟ್ಟಿಲಿಗೆ ಹೋಗುವ ಮಗುವಿಗೆ ಕೈ ಊರಿ ಏಳಲು ಜಾಗವೇ ಸಿಗುವುದಿಲ್ಲ.

ನೆಲಕ್ಕೆ ಚಾಪೆ ಹಾಸಿ, ಅದರ ಮೇಲೆ ಎರಡು ಮಡಿಕೆ ಜಮಖಾನೆ ಅಥವಾ ಕೌದಿ ಹಾಸಿದರೆ ಸಾಕು. ಮೆತ್ತನೆಯ ಫೋಮ್ ಹಾಸಿಗೆ ಬೇಡ. ಅದರಲ್ಲಿ ಮೊಣಕೈ ಹೂತುಹೋಗುತ್ತದೆ, ಮೂಗು ಮುಚ್ಚುವ ಅಪಾಯವೂ ಇದೆ. ಎಣ್ಣೆ ಹಚ್ಚಿದ ಮೈಯಲ್ಲಿ ಬೋರಲು ಮಲಗಿಸಬೇಡಿ, ಕೈ ಜಾರಿ ಗದ್ದ ನೆಲಕ್ಕೆ ಬಡಿಯುತ್ತದೆ. ಸ್ನಾನ ಮುಗಿದು ಮೈ ಒಣಗಲಿ.

ಬೋರಲು ಮಲಗಿಸುವುದನ್ನು ಮೊದಲ ವಾರಗಳಿಂದಲೇ ಶುರು ಮಾಡಬಹುದು. ಮಗು ಎಚ್ಚರವಾಗಿರಬೇಕು, ಹಾಲು ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ 2–3 ನಿಮಿಷ. ಮೊದಮೊದಲು ಒರಗಿ ಕೂತ ಅಮ್ಮನ ಎದೆಯ ಮೇಲೂ ಆದೀತು. ಹೀಗೆ ಹೆಚ್ಚಿಸುತ್ತಾ ಹೋಗಿ. ಇನ್ನೂ ತೆವಳಲು ಬಾರದ ಕೂಸಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವೇ. ಬೋರಲಲ್ಲೇ ಕಣ್ಣು ಮುಚ್ಚಿದರೆ ತಿರುಗಿಸಿ ಮಲಗಿಸಿ.

ಹೆಚ್ಚಿನ ಕೂಸುಗಳು ಬೋರಲು ಹಾಕಿದ ತಕ್ಷಣ ರಚ್ಚೆ ಹಿಡಿಯುತ್ತವೆ. ಅದಕ್ಕಿಷ್ಟವಿಲ್ಲ ಎಂದು ಬಿಟ್ಟುಬಿಡುವ ಮೊದಲು ತೋಳು ನೋಡಿ. ಮೊಣಕೈ ಭುಜಕ್ಕಿಂತ ಹಿಂದೆ ಹೋಗಿದ್ದರೆ ತಲೆ ಎತ್ತಲು ಆಧಾರವಿರುವುದಿಲ್ಲ. ಎರಡೂ ಮೊಣಕೈಗಳನ್ನು ಮುಂದಕ್ಕೆ ತಂದು ಭುಜದ ನೇರಕ್ಕೆ ಇಡಿ. ಕೈ ಒರೆಸುವ ಟವೆಲನ್ನು ಸುರುಳಿ ಸುತ್ತಿ ಕಂಕುಳ ಕೆಳಗೆ, ಎದೆಗೆ ಆನುವಂತೆ ಅಡ್ಡಲಾಗಿ ಇಟ್ಟು, ತೋಳುಗಳು ಅದರ ಆಚೆ ಬರುವಂತೆ ಮಾಡಿ. ಆಮೇಲೆ ನಿಮ್ಮ ಅಂಗೈಯನ್ನು ಕೂಸಿನ ಕುಂಡೆಯ ಮೇಲಿಟ್ಟು ಹಗುರವಾಗಿ ಕಾಲಿನ ಕಡೆಗೆ ಒತ್ತಿ. ಭಾರ ಹಿಂದಕ್ಕೆ ಸರಿದ ಕೂಡಲೇ ತಲೆ ತಾನಾಗಿ ಮೇಲೇಳುತ್ತದೆ. ಎದುರಿಗೆ ನೀವೂ ಬೋರಲು ಮಲಗಿ ಮುಖ ತೋರಿಸಿ. ಆಟಿಕೆಗಿಂತ ಮುಖವೇ ವಾಸಿ.

ಕೂಸು ಯಾವಾಗಲೂ ಒಂದೇ ಕಡೆಗೆ ಮುಖ ಮಾಡಿ ಮಲಗುತ್ತಿದ್ದರೆ ತಲೆಯ ಆ ಬದಿ ಚಪ್ಪಟೆಯಾಗುತ್ತದೆ. ತೊಟ್ಟಿಲಲ್ಲಿ ತಲೆಯ ದಿಕ್ಕು ಬದಲಿಸುತ್ತಿರಿ. ಕತ್ತು ಇನ್ನೊಂದು ಕಡೆಗೆ ತಿರುಗುವುದೇ ಇಲ್ಲವಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಕವುಚಲು ಕಲಿತ ಹೊಸದರಲ್ಲಿ ಒಂದು ಕೈ ಎದೆಯಡಿ ಸಿಕ್ಕಿಕೊಳ್ಳುತ್ತದೆ. ಅದನ್ನು ಎಳೆದು ತೆಗೆಯಬೇಡಿ. ಅದೇ ಬದಿಯ ಸೊಂಟವನ್ನು ಒಂದಿಷ್ಟು ಎತ್ತಿ ಹಿಡಿದು ಕಾಯಿರಿ, ಕೂಸೇ ಕೈ ಬಿಡಿಸಿಕೊಳ್ಳುತ್ತದೆ.

ಕೂರಿಸುವ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಅವಸರ ಜಾಸ್ತಿ. ಸುತ್ತ ದಿಂಬು ಆನಿಸಿ ಕೂರಿಸಿದ ಮಗು ಬೆನ್ನು ಬಾಗಿಸಿ ಕುಸಿಯುತ್ತದೆ. ಅಲ್ಲಿಂದ ಹೊರಬರುವುದೂ ಗೊತ್ತಿಲ್ಲ, ತಾನಾಗಿ ಆ ಭಂಗಿಗೆ ಬರುವುದೂ ಗೊತ್ತಿಲ್ಲ. ಅದರ ಬದಲು ನೆಲದ ಮೇಲೆ ನಿಮ್ಮ ಕಾಲುಗಳ ನಡುವೆ ಕೂರಿಸಿಕೊಳ್ಳಿ. ಮೊದಲು ಪಕ್ಕೆ ಹಿಡಿಯಿರಿ, ಬಿಗಿ ಬಂದ ಹಾಗೆ ಕೈಯನ್ನು ಸೊಂಟಕ್ಕೆ ಇಳಿಸಿ. ಆಟಿಕೆಯನ್ನು ಎದುರಿಗಲ್ಲ, ಪಕ್ಕಕ್ಕಿಡಿ. ಒಂದು ಕೈ ಊರಿ ಇನ್ನೊಂದನ್ನು ಚಾಚಿದಾಗಲೇ ಸಮತೋಲನ ಬರುವುದು.

ವಯಸ್ಸಿನ ಲೆಕ್ಕ ಕೇಳುವವರಿಗೆ: ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅವಧಿಗಳಿವೆ. ಆಧಾರವಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ಅಂಬೆಗಾಲು 5.2ರಿಂದ 13.5, ತಾನಾಗಿ ನಡೆಯುವುದು 8.2ರಿಂದ 17.6. ಅಂದರೆ ಪಕ್ಕದ ಮನೆಯ ಮಗು 10 ತಿಂಗಳಿಗೇ ನಡೆಯಿತೆಂದು ನಿಮ್ಮದು ಹಿಂದೆ ಬಿದ್ದಿಲ್ಲ. ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿಕ್ಕಲೇ ಇಲ್ಲ. ಅವಧಿಗೆ ಮುಂಚೆ ಹುಟ್ಟಿದ್ದರೆ ಅಷ್ಟನ್ನು ಕಳೆಯಿರಿ: ಎರಡು ತಿಂಗಳು ಮುಂಚೆ ಹುಟ್ಟಿದ 8 ತಿಂಗಳ ಮಗುವನ್ನು 6 ತಿಂಗಳಿನದೆಂದು ನೋಡಿ.

ಅಂಬೆಗಾಲಿಗೆ ಮಂಡಿ ಬರಿದಾಗಿರಲಿ. ಟೈಲ್ಸ್ ಮೇಲೆ ನುಣುಪು ಪ್ಯಾಂಟ್ ಹಾಕಿದರೆ ಮಂಡಿ ಜಾರಿ ಹೊಟ್ಟೆ ನೆಲ ಕಚ್ಚುತ್ತದೆ. ಆಟಿಕೆಯನ್ನು ಕೈಗೆ ಸಿಗುವುದಕ್ಕಿಂತ ಒಂದು ಗೇಣು ಆಚೆ ಇಡಿ; ತೀರಾ ದೂರ ಇಟ್ಟರೆ ಅತ್ತು ಬಿಡುತ್ತದೆ. ಕಾಲು ಚಾಚಿ ಕೂತು ನಿಮ್ಮ ತೊಡೆಯನ್ನೇ ದಾಟಲು ಬಿಡಿ. ಕೂಸು ಹೊಸಿಲು ದಾಟಿದ ದಿನ ಸಿಹಿ ಮಾಡುವ ರೂಢಿ ಸುಮ್ಮನೆ ಬಂದದ್ದಲ್ಲ: ಒಂದು ಕೈ ಎತ್ತಿ, ಉಳಿದ ಮೂರರ ಮೇಲೆ ಮೈ ನಿಲ್ಲಿಸುವುದು ದೊಡ್ಡ ಕೆಲಸವೇ. ಹೊಸಿಲಿನಾಚೆ ಮೆಟ್ಟಿಲಿದ್ದರೆ ಮೊದಲು ಅಡ್ಡ ಕಟ್ಟಿ.

ಹಿಡಿದು ನಿಲ್ಲಲು ಕಲಿತ ಮಗು ಕೂರಲು ತಿಳಿಯದೆ ನಿಂತಲ್ಲೇ ಅಳುವುದುಂಟು. ಎತ್ತಿ ಕೂರಿಸಿದರೆ ಎರಡು ನಿಮಿಷಕ್ಕೆ ಮತ್ತೆ ಅದೇ ಕಥೆ. ಪಾದದ ಬಳಿ ಒಂದು ಚಮಚ ಇಡಿ, ಎರಡೂ ಕೈಯಿಂದ ಸೊಂಟ ಹಿಡಿದು ಹಿಂದಕ್ಕೂ ಕೆಳಕ್ಕೂ ನಿಧಾನವಾಗಿ ಒತ್ತಿ, ಮಂಡಿ ಬಾಗಲಿ. ದಿನಕ್ಕೆ ನಾಲ್ಕೈದು ಸಲ ಮಾಡಿದರೆ ದಾರಿ ಸಿಗುತ್ತದೆ. ದಿವಾನದ ಮೇಲಿಂದ ಇಳಿಯುವುದನ್ನೂ ಆಗಲೇ ಕಲಿಸಿ: ಅಂಚಿನಲ್ಲಿ ಬೋರಲು ತಿರುಗಿಸಿ, “ಕಾಲು ಮೊದಲು” ಎನ್ನುತ್ತಾ ಪಾದ ನೆಲಕ್ಕೆ ತಾಕಿಸಿ.

ಕೂರಿಸಿ ಓಡಾಡಿಸುವ ವಾಕರ್ ಬೇಡ. ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳುತ್ತದೆ, ಸಮತೋಲನದ ಕೆಲಸ ಸೀಟು ಮಾಡುತ್ತದೆ. ಜೊತೆಗೆ ಕ್ಷಣದಲ್ಲಿ ಒಲೆಯ ಹತ್ತಿರವೋ ಮೆಟ್ಟಿಲ ಹತ್ತಿರವೋ ಹೋಗಿರುತ್ತದೆ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿತು. ಹಿಂದೆ ನಿಂತು ತಳ್ಳುವ ಮರದ ಮೂರು ಗಾಲಿಯ ಗಾಡಿ ಬೇರೆಯೇ ಲೆಕ್ಕ, ಆದರೆ ಗೋಡೆ ಹಿಡಿದು ಪಕ್ಕಕ್ಕೆ ಹೆಜ್ಜೆ ಇಡಲು ಬಂದ ಮೇಲೆ. ನುಣುಪು ನೆಲದಲ್ಲಿ ಗಾಡಿ ಮುಂದೋಡಿ ಮಗು ಮುಗ್ಗರಿಸುತ್ತದೆ. ಗಾಲಿಗೆ ಹಳೇ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿ, ಇಲ್ಲವೇ ಮಣ್ಣಿನ ಅಂಗಳದಲ್ಲಿ ಬಿಡಿ.

ಕೈ ಹಿಡಿದು ನಡೆಸುವಾಗ ಮಗುವಿನ ಕೈ ಅದರ ಭುಜಕ್ಕಿಂತ ಮೇಲೆ ಹೋಗಬಾರದು. ಮೇಲಕ್ಕೆಳೆದರೆ ಹಿಮ್ಮಡಿ ನೆಲ ಬಿಡುತ್ತದೆ. ಮನೆಯೊಳಗೆ ಬರಿಗಾಲೇ ಸರಿ. ಕಾಲುಚೀಲ ಜಾರುತ್ತದೆ, ಗೆಜ್ಜೆಯ ಕಾಳು ಕಿತ್ತು ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ನಡೆಯಲು ಕಲಿತ ಮಗುವಿನ ಕಾಲು ಸ್ವಲ್ಪ ಬಿಲ್ಲಿನಂತಿರುವುದು ಸಹಜ. ಎಣ್ಣೆ ಹಚ್ಚಿ ಎಷ್ಟು ನೀವಿದರೂ ಅದು ನೆಟ್ಟಗಾಗದು, ಸುಮಾರು ಎರಡು ವರ್ಷದ ಹೊತ್ತಿಗೆ ತಾನೇ ಸರಿಹೋಗುತ್ತದೆ.

ಕಾಯಬಾರದ ಸಂಗತಿಗಳೂ ಇವೆ. 4 ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಾದರೂ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ ತೋರಿಸಿ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವುದು, ಒಂದು ಕಾಲು ಎಳೆಯುವುದು, ಮೈ ತೀರಾ ಸೆಟೆದಿರುವುದು ಅಥವಾ ಜೋತುಬೀಳುವುದು ಕೂಡ ಇದೇ ಪಟ್ಟಿಯವು. ಕಲಿತದ್ದನ್ನು ಮಗು ಮರೆಯುತ್ತಿದ್ದರೆ ಅದೇ ವಾರ ಹೋಗಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ (2013ರಿಂದ ಇದೆ) ಅಂಥ ಮಕ್ಕಳನ್ನು ಹೆಚ್ಚಿನ ತಪಾಸಣೆಗೆ ಕಳಿಸುತ್ತದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಮಗು ನೆಲದ ಮೇಲೆ ಬರಿಗಾಲಲ್ಲಿ ಆಡುತ್ತಿರುವ ಒಂದೆರಡು ನಿಮಿಷದ ವಿಡಿಯೊವನ್ನು ಮುಂದಿನಿಂದ, ಹಿಂದಿನಿಂದ ತೆಗೆದಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮಗು ಅಮ್ಮನನ್ನು ಅಪ್ಪಿ ಕೂತರೆ ವೈದ್ಯರಿಗೆ ನೋಡಲು ಅದೊಂದೇ ಇರುತ್ತದೆ.