ಮಾರ್ಚ್ 20ರ ಏಳು ನಿಮಿಷ

ಪ್ರತಿ ವರ್ಷ ಏಳನೇ ತರಗತಿಗೆ ಒಂದೇ ಮಾತು ಹೇಳುತ್ತಿದ್ದೆ: "ವಿಷುವದ ದಿನ, ಅಂದರೆ ಸೂರ್ಯ ಭೂಮಧ್ಯರೇಖೆಯ ನೇರ ಮೇಲೆ ಬರುವ ದಿನ, ಹಗಲು 12 ಗಂಟೆ, ರಾತ್ರಿ 12 ಗಂಟೆ." ಒಮ್ಮೆ ಒಬ್ಬಳು ಹುಡುಗಿ ವಿಷುವದ ದಿನವಾದ ಮಾರ್ಚ್ 20ರ ಉಡುಪಿಯ ಲೆಕ್ಕ ಬರೆದುಕೊಂಡು ಬಂದಳು. ಸೂರ್ಯೋದಯ 6:35, ಸೂರ್ಯಾಸ್ತ 6:42. "ಸರ್, ಏಳು ನಿಮಿಷ ಜಾಸ್ತಿ ಇದೆಯಲ್ಲಾ?"

ಅಚ್ಚಿನ ತಪ್ಪಿರಬೇಕು ಅಂತ ಜಾರಿಕೊಂಡೆ. ಮನೆಗೆ ಬಂದು ಹುಡುಕಿದರೆ ತಪ್ಪು ನನ್ನದೇ.

ಕಣ್ಣಾರೆ ನೋಡಿಬಿಡೋಣ ಎಂದು ಮಲ್ಪೆ ಕಡಲ ತೀರಕ್ಕೆ ಹೋದೆ. ಎರಡು ಸಂಜೆ ದಂಡ. ನೀರು ಮುಟ್ಟುವ ಮೊದಲೇ ಸೂರ್ಯ ಮಬ್ಬಿನಲ್ಲಿ ಕರಗಿಹೋದ. ಮೂರನೇ ದಿನ ಆಕಾಶ ತಿಳಿಯಾಗಿತ್ತು. ಕಣ್ಣು ಕುಕ್ಕದಷ್ಟು ಕೆಂಪಾದ ಮೇಲೆ, ಕೆಳ ಅಂಚು ನೀರಿಗೆ ತಾಗಿದ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ. ಮೇಲಿನ ಅಂಚು ಮುಳುಗುವಾಗ 2 ನಿಮಿಷ 12 ಸೆಕೆಂಡು. ಸೂರ್ಯ ಚುಕ್ಕಿಯಲ್ಲ, ತಟ್ಟೆ. ಬೆಳಿಗ್ಗೆ ಮೇಲಂಚು ಕಂಡರೆ ಹಗಲು ಶುರು, ಸಂಜೆ ಅದೇ ಮೇಲಂಚು ಮರೆಯಾದರೆ ಮುಗಿಯಿತು. 12 ಗಂಟೆಯ ಲೆಕ್ಕ ಮಾತ್ರ ತಟ್ಟೆಯ ನಡುಭಾಗದ್ದು. ಎರಡೂ ಹೊತ್ತು ಸೇರಿ ಇಷ್ಟರಿಂದಲೇ ಎರಡು ನಿಮಿಷ ಚಿಲ್ಲರೆ ಜಾಸ್ತಿ.

ಉಳಿದದ್ದು ಗಾಳಿಯ ಕೈವಾಡ. ಇದಕ್ಕೆ ತರಗತಿಗೆ ಒಂದು ಸ್ಟೀಲ್ ಪಾತ್ರೆ, ಒಂದು ರೂಪಾಯಿ ನಾಣ್ಯ ಒಯ್ದೆ. ಪಾತ್ರೆಯ ಅಂಚಿಗೆ ನಾಣ್ಯ ಮರೆಯಾಗುವಷ್ಟು ಮಕ್ಕಳನ್ನು ಹಿಂದೆ ನಿಲ್ಲಿಸಿದೆ. ನೀರು ಹೊಯ್ದೆ. "ಬಂತು ಸರ್!" ನಾಣ್ಯ ಇದ್ದಲ್ಲೇ ಇದೆ, ಬಾಗಿದ್ದು ಬೆಳಕು. ಗಾಳಿಯೂ ಸೂರ್ಯನ ಬೆಳಕನ್ನು ಹಾಗೆಯೇ ಬಗ್ಗಿಸುತ್ತದೆ. ದಿಗಂತದಲ್ಲಿ ಸೂರ್ಯ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಮೇಲೆ ಕಾಣುತ್ತಾನೆ. ಅವನ ಅಗಲವೇ ಅರ್ಧ ಡಿಗ್ರಿ. ಅಂದರೆ ಮಲ್ಪೆಯಲ್ಲಿ ನಾನು ಸ್ಟಾಪ್‌ವಾಚ್ ಒತ್ತಿದಾಗ ಅಸಲಿ ಸೂರ್ಯ ಪೂರ್ತಿ ಮುಳುಗಿಯಾಗಿತ್ತು! ನಾನು ನೋಡಿದ್ದು ಬರೀ ಬಾಗಿದ ಬೆಳಕು. ಇದನ್ನು ಅರಗಿಸಿಕೊಳ್ಳಲು ನನಗೇ ಒಂದು ದಿನ ಬೇಕಾಯಿತು. ಇದರ ಪಾಲು ಸುಮಾರು ನಾಲ್ಕೂವರೆ ನಿಮಿಷ.

ಹಾಗಾದರೆ ಸರಿಸಮ ದಿನ ಯಾವುದು? ಮಾರ್ಚ್‌ನಲ್ಲಿ ನಮ್ಮ ಕಡೆ ಹಗಲು ದಿನಕ್ಕೆ ಮುಕ್ಕಾಲು ನಿಮಿಷ ಬೆಳೆಯುತ್ತದೆ. ಏಳು ನಿಮಿಷ ಕಳೆಯಲು ಒಂಬತ್ತು ದಿನ ಹಿಂದೆ ಹೋಗಬೇಕು, ಮಾರ್ಚ್ 11ರ ಆಸುಪಾಸು. ಲಂಡನ್‌ನಲ್ಲಿ ಜಾಸ್ತಿ ಭಾಗ ಏಳು ನಿಮಿಷಕ್ಕಿಂತ ಹೆಚ್ಚು, ಆದರೆ ಹಗಲು ದಿನಕ್ಕೆ ನಾಲ್ಕು ನಿಮಿಷ ಬೆಳೆಯುವುದರಿಂದ ಮೂರೇ ದಿನ ಹಿಂದೆ ಹೋದರೆ ಸಾಕು.

ಸೆಪ್ಟೆಂಬರ್ 22-23ರ ಇನ್ನೊಂದು ವಿಷುವದ ಹೊತ್ತಿಗೆ ಹಗಲು ಕುಗ್ಗುತ್ತಿರುತ್ತದೆ, ಅಲ್ವಾ? ಆಗ ಮುಂದಕ್ಕೆ ಎಣಿಸಬೇಕು. "ಅಕ್ಟೋಬರ್ 2ರ ಹೊತ್ತಿಗೆ ನೀವೇ ಅಳೆದುಕೊಂಡು ಬನ್ನಿ" ಎಂದೆ.

"ಅವತ್ತು ಗಾಂಧಿ ಜಯಂತಿ, ರಜೆ ಸರ್" ಎಂದಳು ಅದೇ ಹುಡುಗಿ.